ಗಾಜಿನ ಮೇಲೆ ಅವಳ ಸೆರಗು

ನಮ್ಮ ಮನೆಯವರಿಗೆ,

ನಾನು, ನೀಲವ್ವ, ಬರೆಯುತ್ತಿದ್ದೇನೆ. ನಿಮ್ಮ ಹೆಸರು ಬರೆಯಲು ಈಗಲೂ ಕೈ ಬರುವುದಿಲ್ಲ. ನೀವಿದ್ದಾಗ ಬಾಯಲ್ಲಿ ಆಡದ ಹೆಸರನ್ನು ನೀವು ಹೋದ ಮೇಲೆ ಕಾಗದಕ್ಕೆ ಹೇಗೆ ಇಳಿಸಲಿ? ನಾನು ಆರೋಗ್ಯವಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವ ಹಾಗಿಲ್ಲ. ಇರಕಲ್ಲಗಡದಲ್ಲಿ ನಮ್ಮಪ್ಪ ತಾನೇ ನಡೆಸುತ್ತಿದ್ದ ಗಾಂವಟಿ ಶಾಲೆಯ ಹುಡುಗರ ಪಕ್ಕದಲ್ಲಿ ನನ್ನನ್ನೂ ಕೂರಿಸಿ ಮರಳಿನ ಮೇಲೆ ಅಕ್ಷರ ತಿದ್ದಿಸಿದಾಗ, ಆ ಅಕ್ಷರ ಸತ್ತ ಗಂಡನ ಜೊತೆ ಜಗಳವಾಡಲು ಬಳಕೆಯಾದೀತು ಎಂದು ಅಂದುಕೊಂಡಿರಲಿಕ್ಕಿಲ್ಲ. ಹೌದು, ಜಗಳಕ್ಕೇ ಬರೆಯುತ್ತಿರುವುದು. ನಿನ್ನೆ ಒಂದು ಸಂಗತಿ ನಡೆಯಿತು. ಅದನ್ನು ಹೇಳುವ ಮೊದಲು ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಹೊರಗೆ ಹಾಕಬೇಕು. ಮಾತಿನ ನಡುವೆ ಎದ್ದು ಕಾರಿನ ಶೆಡ್ಡಿಗೆ ಹೋಗುವ ನಿಮ್ಮ ಹಳೆಯ ಚಾಳಿ ಈಗ ನಡೆಯುವುದಿಲ್ಲ. ಕೂತು ಕೇಳಬೇಕು.

ಆ ಕಾರು ಕೊಪ್ಪಳಕ್ಕೆ ಬಂದ ದಿನ ನೆನಪಿದೆಯೆ? ನೀವು ಕೆಲಸಕ್ಕಿದ್ದ ಹತ್ತಿ ಜಿನ್ನಿನ ಕಾರಖಾನೆಯ ಸಣ್ಣ ಸಾಹುಕಾರರು ಹೈದರಾಬಾದಿಗೆ ಹೋದವರು, ವಿಲಾಯತಿಗೆ ಮರಳುತ್ತಿದ್ದ ಯಾರೋ ಇಂಗ್ಲಿಷ್ ದೊರೆಯಿಂದ ಅದನ್ನು ಕೊಂಡು ತಂದಿದ್ದರು. ಆಗಲೇ ಹಳೆಯ ಕಾರು. ಕೆಂಪು ಬಣ್ಣ, ಉದ್ದ ಮೂತಿ, ಬೇಕಾದಾಗ ಮಡಚಿ ಹಿಂದಕ್ಕೆ ಸರಿಸುವ ಕ್ಯಾನ್ವಾಸಿನ ಮುಸುಕು. ಓಟದ ಪಂದ್ಯಕ್ಕೆಂದು ಮಾಡಿದ ಜಾತಿಯಂತೆ. ಜಿನ್ನಿನ ಬಾಗಿಲಲ್ಲಿ ಊರೇ ನೆರೆದಿತ್ತು. ನಾನೂ ಹೆಂಗಸರ ಹಿಂದೆ ನಿಂತು ನೋಡಿದೆ. ಮನೆಗೆ ಬಂದ ಮೇಲೆ ಕೇಳಿದೆ, "ಎಷ್ಟ ಮಂದಿ ಕೂಡ್ತಾರ್ರಿ ಅದರಾಗ?"

"ಇಬ್ಬರ. ನಡಸಾಂವ ಒಬ್ಬ, ಬಾಜೂಕ ಒಬ್ಬರು."

"ಮತ್ತ ನಾ?"

ನೀವು ನಕ್ಕಿರಿ. ನಾನೂ ನಕ್ಕೆ. ಆದರೆ ಅವತ್ತೇ ನನಗೆ ಆ ಕಾರಿನ ಮೇಲೆ ಕಣ್ಣು ಕೆಂಪಾಯಿತು. ಎತ್ತಿನ ಗಾಡಿಯಲ್ಲಿ ಮೂಲೆಗಾದರೂ ಜಾಗ ಸಿಗುತ್ತದೆ, ಇದು ಎಂಥ ಬಂಡಿ, ಹೆಂಡತಿಗೆ ಜಾಗವೇ ಇಲ್ಲದ್ದು?

ಅದರ ಡ್ರೈವರಾದ ಮೇಲೆ ಬೆಳಿಗ್ಗೆ ಎದ್ದು ಮೊದಲು ನೀವು ಅದರ ಮೈ ತೊಳೆಯುತ್ತಿದ್ದಿರಿ. ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ. ಆಮೇಲೆ ಅಂಗೈಯಿಂದ ಸವರಿ ನೋಡುತ್ತಿದ್ದಿರಿ. ಮನೆಗೆ ಬಂದರೆ ಬಾಯಲ್ಲಿ ಅದರದೇ ಮಾತು. ಅದನ್ನು 'ಅದು' ಎಂದು ಯಾವತ್ತಾದರೂ ಕರೆದಿದ್ದೀರಾ? "ಈಕಿ ಇವತ್ತ ಏನ ಓಡಿದಳಂತಿ!" "ಈಕಿಗೆ ಬಿಸಲಾಗ ನಿಂದ್ರಿಸಿದರ ಸಿಟ್ಟ ಬರತೈತಿ." ಈಕಿ, ಈಕಿ, ಈಕಿ. ನನ್ನನ್ನು ಮಾತ್ರ "ಏ" ಎಂದು ಕರೆಯುತ್ತಿದ್ದಿರಿ.

ಸಣ್ಣ ಸಾಹುಕಾರರ ಹೆಂಡತಿ ಹೆರಿಗೆಯಲ್ಲಿ ಸಾಯುವ ಹಾಗಾದಾಗ ಉಳಿಸಿದವಳು ದವಾಖಾನೆಯ ನರ್ಸು ಮಾರ್ಥಾಬಾಯಿ. ತಾಯಿ ಮಗು ಇಬ್ಬರೂ ಉಳಿದ ಸಂತೋಷಕ್ಕೆ ಸಾಹುಕಾರರು ಎಲ್ಲರೆದುರು ಅಂದುಬಿಟ್ಟರು: "ಬಾಯಾರ, ಯಾವ ಊರಾಗ ಯಾವ ಹೆಣ್ಣಮಗಳು ಬ್ಯಾನಿ ತಿನ್ನಾಕತ್ತಿದ್ರೂ ನಮ್ಮ ಕಾರ ನಿಮ್ಮದ. ವೀರಪ್ಪಗ ಒಂದ ಮಾತ ಹೇಳಿ ಕಳಸ್ರಿ." ನಿಮ್ಮ ಹೆಸರು ಆಡಿದವರು ಅವರು, ನಾನಲ್ಲ; ಅವರ ಮಾತನ್ನು ಇಳಿಸಿದೆ, ಅಷ್ಟೇ. ಒಳ್ಳೆಯ ಮಾತೇ. ಯುದ್ಧದ ಕಾಲ. ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಏರು ಬಂದರೆ ಮಂದಿ ಇಳಿದು ನೂಕಬೇಕು. ಪೆಟ್ರೋಲಿನ ಚೀಟಿ ದವಾಖಾನೆಗೆ ಸಿಗುತ್ತಿತ್ತು, ಕಾರು ಸಾಹುಕಾರರಲ್ಲಿತ್ತು. ನಡೆಸುವವರು ನೀವು. ಪಕ್ಕದ ಆ ಒಂದೇ ಒಂದು ಸೀಟು... ಅವಳದಾಯಿತು.

ಮೊದಲ ಮಳೆಯ ಹೊತ್ತಿಗೆ ನೀವೇ ಊಟದ ನಡುವೆ ಹೇಳಿದಿರಿ, "ಎಲ್ಲಾ ಛಲೋ ಐತಿ, ಗಾಜ ಒರಸೂ ಕಡ್ಡೀನ ಸರಿಯಿಲ್ಲ." ಸಾಹುಕಾರರು ಅದಕ್ಕೆ ವೈಪರು ಅನ್ನುತ್ತಿದ್ದರು, ನಮ್ಮ ಮನೆಯಲ್ಲಿ ಅದು ಕಡ್ಡಿಯೇ. ಬಯಲಲ್ಲಿ ನಿಧಾನಕ್ಕೆ ಆಡುತ್ತದೆ, ಇಳುಕಲಿನಲ್ಲಿ ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳುತ್ತದೆ, ಏರು ಬಂತೆಂದರೆ ಗಾಜಿನ ನಡುವೆ ನಿಂತುಬಿಡುತ್ತದೆ. ಯಾಕೆ ಎಂದು ಕೇಳಿದ್ದಕ್ಕೆ ರೊಟ್ಟಿ ಹಿಡಿದ ಕೈಯಿಂದಲೇ ತೋರಿಸಿ ಹೇಳಿದಿರಿ: "ಅದು ಇಂಜಿನ್ನಿನ ಉಸಿರಿನ ಮ್ಯಾಲ ನಡಿತೈತಿ. ಇಂಜಿನ್ನು ಗಾಳಿ ಒಳಗ ಜಗ್ಗಿಕೋತೈತಲ್ಲ, ಆ ಜಗ್ಗಾಟಕ್ಕ ಒಂದ ರಬ್ಬರ ನಳಿಗಿ ಹಚ್ಚ್ಯಾರ. ಏರಿನ್ಯಾಗ ಅದಕ್ಕ ತನ್ನ ಉಸಿರ ತನಗ ಸಾಲೂದಿಲ್ಲ. ಕಡ್ಡಿಗೆ ಎಲ್ಲಿಂದ ಕೊಡಬೇಕು?" ನನಗೆ ಆಗ ಅದರಲ್ಲಿ ಏನೂ ಆಸಕ್ತಿ ಇರಲಿಲ್ಲ. ಇನ್ನೊಂದು ರೊಟ್ಟಿ ಹಾಕಿ ಸುಮ್ಮನಾದೆ.

ಆಸಕ್ತಿ ಹುಟ್ಟಿಸಿದವಳು ಓಣಿಯ ಹಂಪವ್ವ. ಬಾವಿಯ ಕಟ್ಟೆಯ ಮೇಲೆ ಕೊಡ ಇಳಿಸಿ, ಸುತ್ತ ಯಾರಿದ್ದಾರೆ ಎಂದು ನೋಡಿ, ಎಲ್ಲರಿಗೂ ಕೇಳುವ ಹಾಗೆ ಗುಟ್ಟು ಹೇಳಿದಳು. ಯಲಬುರ್ಗಿಗೆ ಮಗಳ ಮನೆಗೆ ಹೋಗಿ ಬರುವಾಗ ಬೇವೂರಿನ ದಾರಿಯ ಏರಿನಲ್ಲಿ ನೋಡಿದಳಂತೆ. "ಏನ ಹೇಳಲೆವಾ ನೀಲವ್ವ, ಅಂಥಾ ಮಳ್ಯಾಗ ಕಾರಿನ ಮುಸಕ ಹಿಂದಕ್ಕ ಸರಿಸ್ಯಾರ. ಆ ನರ್ಸಬಾಯಿ ಎದ್ದು ನಿಂತಾಳ. ಗಾಜಿನ ಮ್ಯಾಲಿಂದ ಅತ್ತಾಗ ಬಗ್ಗಿ ತನ್ನ ಸೆರಗಿಲೆ ಗಾಜ ಒರಸಾಕತ್ತಾಳ. ನಿಮ್ಮಾಂವನ ಮಾರಿ ಮುಂದ! ಅಂವ ಆಕಿ ಕೈ ಸಂದ್ಯಾಗಿಂದ ದಾರಿ ನೋಡಕೋತ ಹೊಂಟಾನ." ನೀರು ಸೇದುವವರೆಲ್ಲ ಹಗ್ಗ ಹಿಡಿದು ನಿಂತರು. ನಾನು ಖಾಲಿ ಕೊಡವನ್ನೇ ಹೊತ್ತು ಮನೆಗೆ ಬಂದೆ.

ಆ ಸಂಜೆ ನಾನು ಕೇಳಿದ್ದು, ನೀವು ಹೇಳಿದ್ದು ನಿಮಗೆ ಮರೆತಿರಬಹುದು. ನನಗೆ ಒಂದಕ್ಷರ ಮರೆತಿಲ್ಲ.

"ಸೆರಗಿಲೆ ಒರಸಿದ್ದು ಖರೇ ಏನ್ರಿ?"

"ಖರೇ. ಒರಸದಿದ್ರ ಇಬ್ರೂ ಹಳ್ಳದಾಗ ಇರತಿದ್ವಿ."

"ಅರಿವಿ ಇರಲಿಲ್ಲೇನು?"

"ಇತ್ತು. ತೊಯ್ದಿತ್ತು."

"ಸೆರಗ ತೊಯ್ದಿರಲಿಲ್ಲೇನು?"

ನೀವು ಎದ್ದು ಕಾರಿನ ಶೆಡ್ಡಿಗೆ ನಡೆದಿರಿ. ನಾನು ಮಾತ್ರ ಅಂದಿನಿಂದ ಕಣ್ಣು ಮುಚ್ಚಿದರೆ ಬಿಳಿ ಸೀರೆಯ ಒಂದು ಒದ್ದೆ ಕೈ ಗಾಜಿನ ಮೇಲೆ ಆಡುವುದನ್ನೇ ನೋಡತೊಡಗಿದೆ. ಬಳೆಯಿಲ್ಲದ ಕೈ, ಮಣಿಕಟ್ಟಿಗೆ ಗಡಿಯಾರ. ಆ ಗಡಿಯಾರದ ಮೇಲೂ ಉರಿ. ಬೂಟು ಹಾಕಿ ಟಕಟಕ ನಡೆಯುವುದರ ಮೇಲೂ ಉರಿ. ದೊಡ್ಡ ಡಾಕ್ಟರರ ಎದುರು ತಲೆ ಎತ್ತಿ ಮಾತಾಡುತ್ತಾಳಂತೆ ಎಂದು ನೀವೇ ಹೊಗಳಿದ್ದಿರಲ್ಲ, ಆ ತಲೆಯ ಮೇಲೂ...

ಮರುದಿನದಿಂದ ನಾನು ಹಿಡಿದ ಹಟ ಒಂದೇ: ಆ ಕಡ್ಡಿ ರಿಪೇರಿ ಆಗಬೇಕು. ನೀವು ಕಾರಿನ ಚಿಂತೆ ಹೆಂಡತಿಗೂ ಹತ್ತಿತು ಎಂದು ಖುಷಿಪಟ್ಟಿರಿ. ನನಗೆ ಬೇಕಾದದ್ದು ಅವಳು ಸೀಟಿನಲ್ಲಿ ಕೈಕಟ್ಟಿ ಕೂರುವುದು, ಅಷ್ಟೇ. ಕಡ್ಡಿಯ ರಬ್ಬರು ಹರಿದಿತ್ತು, ನೀವು ಸೈಕಲ್ಲಿನ ಟ್ಯೂಬು ಕೊಯ್ದು ಹೊಸ ಪಟ್ಟಿ ಹಚ್ಚಿದಿರಿ. ನಳಿಗೆಯನ್ನು ನಮ್ಮ ನೀರಿನ ಬಾನಿಯಲ್ಲಿ ಮುಳುಗಿಸಿ ಊದಿದಾಗ ಗುಳ್ಳೆ ಎದ್ದ ಜಾಗವನ್ನು ತೋರಿಸಿದವಳು ನಾನು. ಅಲ್ಲಿ ಬಿರುಕಿತ್ತು, ಅದನ್ನೂ ಕತ್ತರಿಸಿ ಜೋಡಿಸಿದಿರಿ. ಕಡ್ಡಿಯನ್ನು ಆಡಿಸುವ ಪುಟ್ಟ ಡಬ್ಬಿ ಬಿಚ್ಚಿದರೆ ಒಳಗಿನ ತೊಗಲು ಒಣಗಿ ಹಪ್ಪಳವಾಗಿತ್ತು. ಅದಕ್ಕೆ ಎಣ್ಣೆ ಬೇಕೆಂದು ನನ್ನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಶೀಸೆಯನ್ನೇ ಎತ್ತಿದಿರಿ. ಮುಂಬಯಿಯಿಂದ ಹೊಸ ಸಾಮಾನು ತರಿಸೋಣವೆಂದರೆ ಯುದ್ಧ ಮುಗಿಯುವ ತನಕ ಆ ಮಾತು ಎತ್ತಬೇಡಿ ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಇಷ್ಟೆಲ್ಲ ಮಾಡಿದ ಮೇಲೆ ಕಡ್ಡಿ ಬಯಲಲ್ಲಿ ಚಂದ ಆಡಿತು. ಏರಿನಲ್ಲಿ ಮತ್ತೆ ನಿಂತಿತು. ಮತ್ತೆ ಅವಳು ಎದ್ದು ನಿಂತಳು.

ಸೀಮೆಎಣ್ಣೆ ಡಬ್ಬಿ ಮುದುಡಿಬಿದ್ದ ಮಧ್ಯಾಹ್ನ ನಾನು ನಿಮಗೆ ಬುತ್ತಿ ತಂದಿದ್ದೆ. ಅದರ ಹಿಂದಿನ ದಿನ ನಿಮಗೆ ಉಪಾಯ ಹೊಳೆದಿತ್ತು. "ಬ್ಯಾಸಗಿಗಂತ ನೀರ ತುಂಬಿ ಇಡತಾರಲ್ಲ, ಹಂಗ. ಬಯಲಿನ್ಯಾಗ ಆ ಜಗ್ಗಾಟಾ ಒಂದ ಡಬ್ಬ್ಯಾಗ ಕೂಡಿ ಇಟ್ಟು, ಏರ ಬಂದಾಗ ಅದನ್ನ ಕಡ್ಡಿಗೆ ಕೊಡೂದು." ಮುಚ್ಚಳ ಬೆಸೆದ ಡಬ್ಬಿಗೆ ನಳಿಗೆ ಸಿಕ್ಕಿಸಿ ಇಂಜಿನ್ನು ಚಾಲೂ ಮಾಡಿದಿರಿ. ಡಬ್ಬಿ ಒಮ್ಮೆ ಕೊಂಯ್ಯೆಂದಿತು. ಆಮೇಲೆ ಯಾರೋ ಕಾಣದ ಕೈಯಿಂದ ಹಿಂಡಿದ ಹಾಗೆ ಢಬ್ಬೆಂದು ಒಳಕ್ಕೆ ಮಡಚಿಕೊಂಡು ಬಿದ್ದಿತು. ಜಿನ್ನಿನ ಅಂಗಳದ ಎತ್ತುಗಳು ಕಣ್ಣಿ ಕಿತ್ತವು. ಸಾಹುಕಾರರು ಮಾಳಿಗೆಯಿಂದ ಬಗ್ಗಿ, "ವೀರಪ್ಪಾ, ಯುದ್ಧ ಇಲ್ಲೀತನಕಾ ಬಂತೇನೋ?" ಎಂದು ನಕ್ಕರು. ನೀವು ನಗಲಿಲ್ಲ. ಚಪ್ಪಟೆಯಾದ ಡಬ್ಬಿಯ ಎದುರು ಕೂತೇಬಿಟ್ಟಿರಿ.

ಅದೇ ಹೊತ್ತಿಗೆ ದವಾಖಾನೆಯ ಜವಾನ ಬಂದು ಮರುದಿನ ಯಲಬುರ್ಗಿಗೆ ಹೋಗಬೇಕೆಂದು ಬಾಯಾರು ಹೇಳಿದ್ದಾರೆ ಅಂದ. ಸಂಜೆ ನೀವು ಮನೆಗೆ ಬಂದು ಟ್ರಂಕು ತೆಗೆದು ನನ್ನ ತವರಿನಿಂದ ಬಂದ ಹೊಸ ಟವೆಲು ಮಡಚಿ ಇಟ್ಟುಕೊಂಡಿರಿ. "ಯಾಕ್ರಿ?" ಅಂದೆ. "ಬಾಯಾರಿಗೆ. ಗಾಜ ಒರಸಾಕ." ಆಗ ನನ್ನೊಳಗೆ ಏನು ಎದ್ದಿತೋ. ಒಳಗೆ ಹೋಗಿ, ಮದುವೆಯಲ್ಲಿ ಅವ್ವ ಕೊಟ್ಟ ಸಣ್ಣ ಹಿತ್ತಾಳೆ ಬಿಂದಿಗೆಯೊಳಗಿನ ಕಾಳು ಸುರಿದು, ತಂದು ನಿಮ್ಮೆದುರು ಇಟ್ಟೆ.

"ಇದನ್ನ ತಗೋರಿ. ಭಾಳ ದಪ್ಪ ಐತಿ. ಇದನ್ನ ಯಾವ ಉಸಿರೂ ಹಿಂಡೂದಿಲ್ಲ."

"ನಿನ್ನ ತವರಮನೀದು ಇದು. ನಿನ್ನ ಹೆಸರ ಹಾಕ್ಯಾರ."

"ಹಾಕಿರ್ಲಿ. ಟವೆಲ್ಲ ಒಳಗ ಇಡ್ರಿ."

ನೀವು ನನ್ನ ಗಲ್ಲ ಮುಟ್ಟಿದಿರಿ. ಹೆಂಡತಿಗೆ ತನ್ನ ಮೇಲೆ ಎಷ್ಟು ಪ್ರೀತಿ ಅಂದುಕೊಂಡಿರಿ. ಪ್ರೀತಿಯೇ ಇದ್ದೀತು. ಹೊಟ್ಟೆಕಿಚ್ಚು ಎಲ್ಲಿ ಮುಗಿಯುತ್ತದೆ, ಪ್ರೀತಿ ಎಲ್ಲಿ ಶುರುವಾಗುತ್ತದೆ ಎಂದು ಬೇರೆ ಮಾಡಿ ನೋಡುವಷ್ಟು ಪುರಸೊತ್ತು ಯಾರಿಗಿತ್ತು?

ಕಲಾಯಿಯವನ ಅಂಗಡಿಯಲ್ಲಿ ಬಿಂದಿಗೆಯ ಬಾಯಿ ಬೆಸೆಸಿ, ನಳಿಗೆ ಸಿಕ್ಕಿಸಲು ಅದಕ್ಕೆ ಎರಡು ಮೂಗು ಮಾಡಿಸಿ ತಂದಿರಿ. ಒಂದು ಇಂಜಿನ್ನಿಗೆ, ಒಂದು ಕಡ್ಡಿಗೆ. ಇಂಜಿನ್ನಿನ ಕಡೆಯ ಮೂಗಿನಲ್ಲಿ ಒಂದು ಪುಟ್ಟ ಬಾಗಿಲು ಬೇಕು, ಅದು ಒಂದೇ ಕಡೆಗೆ ತೆರೆಯಬೇಕು, ಇಲ್ಲದಿದ್ದರೆ ಏರಿನಲ್ಲಿ ಕೂಡಿಟ್ಟದ್ದೆಲ್ಲ ಹಿಂದಕ್ಕೆ ಹೋಗಿಬಿಡುತ್ತದೆ ಅಂದಿರಿ. ಆ ಬಾಗಿಲಿಗೆ ಮೊದಲು ಹಾಕಿದ ಟ್ಯೂಬಿನ ರಬ್ಬರು ಇಂಜಿನ್ನಿನ ಕಾವಿಗೆ ಅಂಟಿಕೊಂಡಿತು. ನನ್ನ ಹಳೆಯ ಚಪ್ಪಲಿಯ ಮೆತ್ತನೆಯ ತೊಗಲನ್ನು ಅಡಕತ್ತರಿಯಿಂದ ಗುಂಡಗೆ ಕೊಯ್ದು ಕೊಟ್ಟೆ. ಮೊದಲನೆಯದು ದಪ್ಪವಾಯಿತು, ಇನ್ನೊಂದು ಸಣ್ಣದಾಯಿತು, ಆಮೇಲಿನದು ಸರಿಯಾಗಿ ಕೂತಿತು. ಎಣ್ಣೆ ಹಚ್ಚಿ ಒಳಗೆ ಕೂರಿಸಿದ್ದು ನನ್ನ ಬೆರಳು. ನಿಮ್ಮ ಬೆರಳು ಆ ಮೂಗಿನಲ್ಲಿ ಹೋಗುತ್ತಿರಲಿಲ್ಲ.

ಪರೀಕ್ಷೆ ಮಾಡಬೇಕೆಂದರೆ ಆ ದಿನ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. "ಗಾಜಿಗೆ ನೀರ ಹಾಕವರು ಒಬ್ಬರು ಬೇಕು," ಎಂದು ಸಾಹುಕಾರರ ಎದುರು ತಲೆ ಕೆರೆದುಕೊಂಡು ನಿಂತಿರಂತೆ. ಅವರೇ ಅಂದರಂತೆ, "ಕೊಡ ಕೊಟ್ಟಾಕಿನ್ನ ಕರಕೊಂಡ ಹೋಗೋ ಮಾರಾಯಾ." ಹಾಗೆ ನಾನು ಆ ಸೀಟಿನಲ್ಲಿ ಕೂತೆ. ಕಾಲ ನಡುವೆ ನೀರಿನ ಬಕೆಟ್ಟು, ಕೈಯಲ್ಲಿ ತಂಬಿಗೆ. ಕುಷ್ಟಗಿ ದಾರಿಯ ಏರಿಗೆ ಹೋದೆವು. ಗಾಳಿಗೆ ಸೆರಗು ನಿಲ್ಲಲಿಲ್ಲ. ಹೊಲದಲ್ಲಿದ್ದವರು ಎದ್ದು ನಿಂತು ನೋಡಿದರು. ನೋಡಲಿ! ಹಂಪವ್ವನ ಮಗಳ ಮನೆಯವರೂ ನೋಡಲಿ! ಏರು ಶುರುವಾದಾಗ ನೀವು ಕೂಗಿದಿರಿ, "ಹಾಕ, ಹಾಕ!" ನಾನು ಎದ್ದು ಗಾಜಿನ ಮೇಲಿಂದ ಬಗ್ಗಿ ಸುರಿದೆ. ಕಡ್ಡಿ ಆಡುತ್ತಿತ್ತು. ಅರ್ಧ ಏರಿದೆವು, ಆಡುತ್ತಿತ್ತು. ನೆತ್ತಿಗೆ ಬಂದೆವು, ಆಡುತ್ತಲೇ ಇತ್ತು. ನೀವು ಚಕ್ರದ ಮೇಲೆ ಕೈ ಬಡಿದು ಸಣ್ಣ ಹುಡುಗರ ಹಾಗೆ ಕೂಗಿದಿರಿ. ನಾನು ಕಡ್ಡಿಯನ್ನು ನೋಡಲೇ ಇಲ್ಲ, ನಿಮ್ಮ ಮುಖ ನೋಡುತ್ತಿದ್ದೆ. ಇದೇ ಮುಖವನ್ನು ಇದೇ ಜಾಗದಿಂದ ಅವಳು ದಿನಾ ನೋಡುತ್ತಾಳಲ್ಲ ಎಂದು ಅನಿಸಿತು. ಅದಕ್ಕೇ ಅಂದದ್ದು, "ಇನ್ನೊಮ್ಮೆ ನೋಡೂಣ್ರಿ, ಖಾತ್ರಿ ಆಗಲಿ." ನೀವು ತಿರುಗಿಸಿ ಮತ್ತೆ ಕೆಳಗಿಳಿದಿರಿ. ಬಕೆಟ್ಟು ಬರಿದಾಗುವ ತನಕ ನಾನು ಖಾತ್ರಿ ಮಾಡಿಕೊಂಡೆ.

ಆದರೆ ಆ ಗೆಲುವು ಎಷ್ಟು ದಿನದ್ದು? ಮುಂದಿನ ಮಳೆ ಕಳೆದ ಮೇಲೆ ಮಾರ್ಥಾಬಾಯಿ ನಮ್ಮ ಮನೆಗೇ ಬಂದಳು. "ನಿಮ್ಮ ಬಿಂದಿಗಿ ದಯೆಯಿಂದ ನನ್ನ ಸೀರಿ ಒಣಗೇ ಉಳೀತವ್ವ," ಅಂದಳು. ಹತ್ತಿರದಿಂದ ನೋಡಿದರೆ ಅಂಥ ಚೆಲುವೆಯೇನಲ್ಲ. ಮುಖದಲ್ಲಿ ಸಿಡುಬಿನ ಕಲೆ, ನನಗಿಂತ ಹಿರಿಯಳು. ಅದು ಇನ್ನೂ ಕೆಟ್ಟದಾಯಿತು. ಚೆಲುವೆಯಾಗಿದ್ದರೆ ನನಗೆ ಕಾರಣವಾದರೂ ಇರುತ್ತಿತ್ತು. ನಾನು ಬೆಲ್ಲದ ಚಹಾ ಕೊಟ್ಟೆ. ಅವಳು ನಿಮ್ಮ ಕಡೆ ತಿರುಗಿ, "ಆ ಕುರಿಯಾಂವ ಹೇಳಿದ್ದು ಇವರಿಗೆ ಹೇಳಿದ್ರಿಲ್ಲೋ?" ಅಂದಳು. ನೀವಿಬ್ಬರೂ ನಕ್ಕಿರಿ. ಯಾವ ಕುರಿಯವನು? ಏನು ಹೇಳಿದ್ದ? ಆಗ ಹೊಳೆಯಿತು. ಮೊದಲು ಮಳೆಯಲ್ಲಿ ಅವಳಿಗೆ ಗಾಜು ಒರೆಸುವುದೇ ಕೆಲಸ, ನಿಮಗೆ ದಾರಿ ಹುಡುಕುವುದೇ ಕೆಲಸ. ಈಗ ಕಡ್ಡಿ ತಾನೇ ಒರೆಸುತ್ತದೆ, ನೀವಿಬ್ಬರೂ ಯಲಬುರ್ಗಿಯ ತನಕ ಆರಾಮವಾಗಿ ಮಾತಾಡುತ್ತೀರಿ. ನನ್ನ ಬಿಂದಿಗೆ ಕೊಟ್ಟು ನಿಮಗೆ ಮಾತಿಗೆ ಬಿಡುವು ಮಾಡಿಕೊಟ್ಟವಳು ನಾನೇ! ಅವತ್ತು ನಾನು ಚಹಾದ ಲೋಟ ತಿಕ್ಕಿದ ಹಾಗೆ ಯಾವತ್ತೂ ತಿಕ್ಕಿಲ್ಲ.

ನೀವು ಸಿದ್ದಾಪುರಕ್ಕೆ ಹೊರಟ ಬೆಳಿಗ್ಗೆ... ಇದನ್ನು ಬರೆಯಲಾಗದೆ ಎರಡು ಸಲ ಎದ್ದು ಹೋದೆ. ಗಂಗಾವತಿಯ ಆಚೆ ಕಾಲುವೆಯ ಊರುಗಳಲ್ಲಿ ಕಾಲರಾ ಬಂದಿದೆ, ಚುಚ್ಚುವ ಔಷಧದ ಪೆಟ್ಟಿಗೆಯ ಜೊತೆ ಬಾಯಾರನ್ನು ಮುಟ್ಟಿಸಿ ಬರಬೇಕು ಅಂದಿರಿ. ರೊಟ್ಟಿ ಕಟ್ಟಿಕೊಟ್ಟೆ. "ಬಾಯಾರಿಗೂ ಒಂದ ನಾಕ ಹಾಕ," ಅಂದಿರಿ. ಹಾಕಿದೆ. ಪುಡಿಚಟ್ನಿಯನ್ನೂ ಹಾಕಿದೆ. ಬಿಟ್ಟು ಬರುತ್ತೇನೆಂದು ಹೋದವರು, ಅಲ್ಲಿ ಕೈಗಳು ಸಾಲದೆ ಅವಳ ಜೊತೆ ಊರೂರು ತಿರುಗಿದಿರಂತೆ. ಕಾರು ನಿಲ್ಲಿಸಿ ರೋಗಿಗಳನ್ನು ಎತ್ತಿ ಇಳಿಸಿದಿರಂತೆ. ನಿಮಗೆ ಬೇನೆ ಹತ್ತಿದ ಸುದ್ದಿ ಬಂದಾಗ ನಾನು ಇದ್ದಿಲ ಬಸ್ಸು ಹತ್ತಿದೆ. ದಾರಿಯಲ್ಲಿ ಅದು ನಿಂತು ನಿಂತು, ನೂಕಿಸಿಕೊಂಡು, ಮುಟ್ಟಿಸಿದ್ದು ಮರುದಿನ. ಗದ್ದೆಯ ಬದಿಯಲ್ಲಿ ಹಸಿ ಮಣ್ಣಿನ ಗುಡ್ಡೆಯೊಂದೇ ಇತ್ತು. ಅವಳು ಅದರ ಹತ್ತಿರ ನಿಂತಿದ್ದಳು. "ನೀವು ಬರೂತನಕ ಕಾಯಾಕ ಬಿಡಲಿಲ್ಲವ್ವ. ರೋಗ ಹಂಥಾದು. ನಿಮ್ಮ ಪರವಾಗಿ ನಾನ ಮಣ್ಣ ಹಾಕಿದೆ," ಅಂದಳು. ನನ್ನ ಪರವಾಗಿ! ಕೊನೆಯ ನೀರು ಬಾಯಿಗೆ ಬಿಟ್ಟವಳು ಅವಳು, ಕೊನೆಯ ಮಾತು ಕೇಳಿದವಳು ಅವಳು, ಮಣ್ಣು ಹಾಕಿದವಳೂ ಅವಳೇ. ನನಗೆ ಏನು ಉಳಿಸಿದಿರಿ? ಅವಳು ಇನ್ನೂ ಏನೋ ಹೇಳಲು ಬಂದಳು. ನಾನು ತಿರುಗಿ ನಡೆದುಬಿಟ್ಟೆ. ಆಮೇಲೂ ಎಷ್ಟೋ ಸಲ ನಮ್ಮ ಬಾಗಿಲಿಗೆ ಬಂದಳು. ಅಗುಳಿ ತೆಗೆಯಲಿಲ್ಲ.

ನಿನ್ನೆಯ ಮಾತು ಈಗ. ಮಧ್ಯಾಹ್ನ ಆಕಾಶ ಕಪ್ಪಾಗಿ ಗುಡುಗುತ್ತಿತ್ತು. ಹೊರಗೆ ಕಾರಿನ ಸದ್ದಾಯಿತು. ನಿಮ್ಮ ಜಾಗಕ್ಕೆ ಬಂದ ಖಾಸಿಂ ಇಳಿದು, ತಲೆವಸ್ತ್ರ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. "ಅಕ್ಕಾರ, ಬೇವೂರಾಗ ಒಬ್ಬ ಹೆಣ್ಣಮಗಳು ನಿನ್ನಿಯಿಂದ ಬ್ಯಾನಿ ತಿನ್ನಾಕತ್ತಾಳ. ಕೂಸು ಅಡ್ಡ ಐತಂತ. ವೈಪರ್ ನಿಂತೈತ್ರಿ. ಈ ಮಳ್ಯಾಗ ಆ ಏರು ನಾ ಹತ್ತಸಾಂವಲ್ಲ. ಸಾಹುಕಾರ್ರು, ವೀರಪ್ಪನ ಮನ್ಯಾಗ ಕೇಳು ಅಂದ್ರು." ಅವನ ಹಿಂದೆ ಅವಳು. ಪೆಟ್ಟಿಗೆ ಎದೆಗೆ ಒತ್ತಿಕೊಂಡು ನಿಂತಿದ್ದಳು.

ನನಗೆ ಒಂದು ಕ್ಷಣ ಅನಿಸಿದ್ದೇನು ಗೊತ್ತೆ? ಈಗ ಒರೆಸಲಿ ಸೆರಗಿನಿಂದ, ನೋಡೋಣ! ಆಮೇಲೆ ಆ ಬೇವೂರಿನ ಹೆಂಗಸಿನ ನೆನಪಾಯಿತು. ಎಣ್ಣೆ ಶೀಸೆ, ಅಡಕತ್ತರಿ, ಒಂದು ಚೂರು ತೊಗಲು ಹಿಡಿದು ಹೋಗಿ ಕಾರಿನ ಮೂತಿ ಎತ್ತಿಸಿದೆ. ಬಿಂದಿಗೆಯ ಮೂಗು ಬಿಚ್ಚಿಸಿ ಬೆರಳು ಹಾಕಿದರೆ, ಅಂದುಕೊಂಡ ಹಾಗೆಯೇ, ಬಾಗಿಲಿನ ತೊಗಲು ಒಣಗಿ ಸುರುಳಿಯಾಗಿತ್ತು. ಹೊಸದು ಕೊಯ್ದು, ಎಣ್ಣೆ ಕುಡಿಸಿ ಕೂರಿಸಿದೆ. ಖಾಸಿಂ ಇಂಜಿನ್ನು ಚಾಲೂ ಮಾಡಿ, ಆಕ್ಸಿಲರೇಟರು ಒತ್ತಿ ಹಿಡಿದ. ಕಡ್ಡಿ ಆಡಿತು. ನಿಲ್ಲಲಿಲ್ಲ.

"ಹತ್ತಿ ಕೂಡ್ರಿ, ಹೊತ್ತಾಗತೈತಿ," ಎಂದು ಅವಳಿಗೆ ಹೇಳಿದೆ. ಅವಳ ಜೊತೆ ನಾನು ಆಡಿದ ಮೊದಲ ನೆಟ್ಟಗಿನ ಮಾತು ಅದು.

"ನೀವೂ ಬರ್ರಿ."

"ಎಲ್ಲಿ ಕೂಡ್ಲಿ?"

"ನನ್ನ ಕೂಡ. ನಡು ದಾರ್ಯಾಗ ಮತ್ತ ನಿಂತ್ರ ನಾ ಏನ ಮಾಡ್ಲಿ? ಅಲ್ಲಿ ಹಿಡಕೊಳ್ಳಾಕ ಒಂದ ಕೈಯೂ ಬೇಕವ್ವ. ಅಲ್ಲಿ ಇರಾಕಿ ಬರೇ ಒಬ್ಬ ಮುದಿಕಿ."

ಒಂದೇ ಸೀಟಿನಲ್ಲಿ ನಾವಿಬ್ಬರೂ! ಅವಳ ಮೊಣಕೈ ನನ್ನ ಪಕ್ಕೆಯಲ್ಲಿ, ನನ್ನ ತೊಡೆಯ ಮೇಲೆ ಅವಳ ಪೆಟ್ಟಿಗೆ. ಊರ ಹೊರಗೆ ಬರುತ್ತಲೇ ಮಳೆ ಹೊಡೆಯಿತು. ಮುಸುಕಿನ ಮೇಲೆ ಕಲ್ಲು ಸುರಿದ ಸದ್ದು. ನಾನು ಕಡ್ಡಿಯನ್ನೇ ನೋಡುತ್ತಿದ್ದೆ. ಬೇವೂರಿನ ಏರು ಬಂತು. ಖಾಸಿಂ "ಯಾ ಅಲ್ಲಾ" ಎಂದು ಒತ್ತಿದ. ಆಡಿತು. ನೆತ್ತಿಯ ತನಕ ಆಡಿತು. ಆಗ ಅವಳು ಗಾಜಿನ ಕಡೆಗೇ ಮುಖ ಮಾಡಿ ಮೆಲ್ಲಗೆ ಹೇಳಿದಳು, "ನಾ ನಿಮ್ಮ ಬಾಗಲಿಗೆ ಬಂದಿದ್ದು ಇದನ್ನ ಹೇಳಾಕವ್ವ. ಅವತ್ತ ಅವರಿಗೆ ಶಕ್ತಿ ಇರಲಿಲ್ಲ. ಆದ್ರೂ ಹೇಳಿದ್ರು. 'ಬಾಯಾರ, ಕಡ್ಡಿ ನಿಂತ್ರ ನಮ್ಮ ನೀಲವ್ವನ್ನ ಕೇಳ್ರಿ. ಆಕಿಗೆ ಎಲ್ಲಾ ಗೊತ್ತೈತಿ' ಅಂದ್ರು."

ನೀಲವ್ವ ಅಂದಿರಾ? ಹೆಸರು ಹಿಡಿದು? ಅದೂ ಬೇರೆಯವರ ಎದುರು? ನನಗೆ ಕೇಳುವ ಹಾಗೆ ಒಮ್ಮೆಯಾದರೂ ಕರೆದಿದ್ದರೆ... ನಾನು ಅತ್ತೆನೋ ಇಲ್ಲವೋ ತಿಳಿಯದು. ಮಳೆ ಬದಿಯಿಂದ ಹೊಡೆಯುತ್ತಿತ್ತು, ಇಬ್ಬರ ಮುಖವೂ ತೊಯ್ದಿತ್ತು.

ಬೇವೂರಿನ ಆ ಮನೆಯಲ್ಲಿ ನಾನು ಆ ಹೆಂಗಸಿನ ಹೆಗಲು ಹಿಡಿದು ಕೂತೆ. ಮಾರ್ಥಾಬಾಯಿ ಕೈ ತೊಳೆದು, ತೋಳಿಗೆ ಎಣ್ಣೆ ಹಚ್ಚಿ, ಅಡ್ಡ ಇದ್ದ ಕೂಸನ್ನು ತಿರುಗಿಸಿದಳು. ಹೇಗೆ ತಿರುಗಿಸಿದಳು ಎಂದು ಹೇಳಲಾರೆ. ಅವಳ ಕಣ್ಣು ಮುಚ್ಚಿತ್ತು, ಬೆರಳುಗಳೇ ನೋಡುತ್ತಿದ್ದವು. ಹೊತ್ತು ಮುಳುಗುವ ಮೊದಲು ಹೆಣ್ಣು ಕೂಸು ಅತ್ತಿತು. ತಾಯಿ ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಇವತ್ತೂ ಬೆರಳಿನ ಗುರುತು ಹೋಗಿಲ್ಲ. ಒಂದು ವರ್ಷದ ಮೇಲೆ ಯಾರೋ ನನ್ನನ್ನು ಹಿಡಿದಿದ್ದರು.

ಬರುವಾಗ ಮಳೆ ನಿಂತಿತ್ತು. ಜೋಳದ ಹೊಲಗಳಲ್ಲಿ ನೀರು ಹೊಳೆಯುತ್ತಿತ್ತು. ಖಾಸಿಂ ಯಾವುದೋ ಧಾಟಿ ಗುನುಗುತ್ತಿದ್ದ. ನಾನೇ ಕೇಳಿದೆ, "ಅವತ್ತ ಅವರು ಅಷ್ಟ ಹೇಳಿದ್ರೇನು?"

ಅವಳು ಪೆಟ್ಟಿಗೆಯ ಕೊಂಡಿ ಭದ್ರಪಡಿಸಿದಳು. "ಇನ್ನೊಂದ ಮಾತ ಹೇಳಿದ್ರು."

"ಏನು?"

"ಅದು ನನಗ ಹೇಳಿದ್ದವ್ವ. ನಿಮ್ಮದು ನಿಮಗ ಕೊಟ್ಟೆ. ಅದು ನನ್ನ ಕಡೆ ಇರ್ಲಿ."

ಅದೇ ಉರಿ ಮತ್ತೆ ಭಗ್ಗೆಂದಿತು! ಅವಳನ್ನು ಅಲ್ಲೇ ಕಾರಿನಿಂದ ಕೆಳಗೆ ನೂಕಬೇಕು ಅನಿಸಿತು. ಏನು ಹೇಳಿದಿರಿ ಅವಳಿಗೆ? ಸತ್ತವರು ಹೀಗೆ ಒಂದು ಮಾತನ್ನು ಪರರ ಹತ್ತಿರ ಇಟ್ಟು ಹೋಗಬಹುದೆ? ನಾನು ಮುಖ ಆಚೆ ತಿರುಗಿಸಿದೆ. ಆದರೆ ಎಷ್ಟು ತಿರುಗಿಸಿದರೂ ಭುಜಕ್ಕೆ ಭುಜ ಹತ್ತಿಯೇ ಇತ್ತು. ಕೊಪ್ಪಳದ ದೀಪ ಕಾಣುವಾಗ ಅವಳು ಕೇಳಿದಳು, "ದವಾಖಾನ್ಯಾಗ ನನ್ನ ಕೈಕೆಳಗ ಒಬ್ಬಾಕಿ ಬೇಕಾಗ್ಯಾಳ. ಓದು ಬರಹ ಬರತೈತಿ ನಿಮಗ. ಹೆರಿಗಿ ಕೆಲಸ ನಾ ಕಲಸ್ತೀನಿ. ಬರ್ತೀರೇನು?"

ಬರುವ ಸೋಮವಾರದಿಂದ ಹೋಗುತ್ತೇನೆ. ಹಂಪವ್ವ ಬಾಯಿ ಬಡಿದುಕೊಂಡಳು, "ಹುಚ್ಚಿ, ಆಕಿ ಸಂಗಾಟ ಹೊಂಟೀ ಏನ?" ಅಂದಳು. ಹೌದು, ಅವಳ ಸಂಗಾಟವೇ. ಅವಳಿಗೆ ಗೊತ್ತಿರುವುದನ್ನೆಲ್ಲ ಕಲಿಯುತ್ತೇನೆ, ಹಳ್ಳಿಹಳ್ಳಿಗೆ ಅವಳ ಜೊತೆ ಹೋಗುತ್ತೇನೆ, ಅವಳ ಪೆಟ್ಟಿಗೆ ಹೊರುತ್ತೇನೆ. ಬೇಕಾದರೆ ನನ್ನ ರೊಟ್ಟಿಯಲ್ಲಿ ಪಾಲು ಕೊಡುತ್ತೇನೆ. ಒಂದು ದಿನ, ಯಾವ ಊರಿನ ದಾರಿಯಲ್ಲೋ, ಅವಳು ತಾನಾಗಿ ಬಾಯಿ ಬಿಡಬೇಕು. ನೀವು ಅವಳಿಗೆ ಹೇಳಿದ ಆ ಮಾತು ನನ್ನ ಕಿವಿಗೆ ಬೀಳುವ ತನಕ ನಾನು ಅವಳ ಪಕ್ಕ ಬಿಟ್ಟು ಏಳುವವಳಲ್ಲ, ತಿಳಿದಿರಲಿ.

ನಿಮ್ಮ,
ನೀಲವ್ವ